ಎಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ

ನಮ್ಮ ಆಸ್ಪತ್ರೆಯಲ್ಲಿ ಎಲ್ಲರ ಬಾಯಲ್ಲೂ ಅವನ ಹೆಸರು ಫೋಟೋ. ಎಕ್ಸ್‌ರೇ ತೆಗೆಯೋನು. "ಫೋಟೋ ತೆಗೆಯೋರು ಬಂದ್ರಾ?" ಅಂತ ರೋಗಿಗಳು ಕೇಳಿ ಕೇಳಿ, ಉಳಿದದ್ದೆಲ್ಲ ಉದುರಿಹೋಗಿ ಬರೀ ಫೋಟೋ ಉಳ್ಕೊಂಡ. ನಾನು ಐಸಿಯು ನರ್ಸ್, ಈ ವಾರ್ಡಿನಲ್ಲೇ ತಲೆ ನೆರೆದೋಳು. ಹಾಸಿಗೆ ಹತ್ತಿರಕ್ಕೇ ತಳ್ಕೊಂಡು ಬಂದು ಎಕ್ಸ್‌ರೇ ತೆಗೆಯೋ ಗಾಲಿ ಮಿಷಿನ್ ಇರುತ್ತಲ್ಲ, ಅದನ್ನ ಅವನು ನನ್ನ ವಾರ್ಡಿನ ಬಾಗಿಲಿಗೆ ಗುದ್ದದೆ ಒಂದು ದಿನಾನೂ ಒಳಗೆ ತಂದವನಲ್ಲ. ಆ ಸದ್ದು ಕೇಳಿದ್ರೆ ನನ್ನ ಪಿತ್ತ ನೆತ್ತಿಗೇರ್ತಿತ್ತು. "ಬಾಗಿಲೇನು ನಿನ್ನ ದಾಯಾದಿನಾ?" ಅಂತಿದ್ದೆ. "ಬ್ರೇಕ್ ಹಿಡಿಯಲ್ಲ ಸಿಸ್ಟರ್, ನಿಮ್ಮ ಬಾಯಿ ಥರ" ಅಂತ ಹಲ್ಲು ಕಿರೀತಿದ್ದ. ಇಂಥೋನನ್ನ ಬೈದೇನು ಪ್ರಯೋಜನ ಹೇಳಿ!

ಅವನ ಕಸುಬಿಗೆ ಬೇಕಾದದ್ದು ಮೂರೇ ಮಾತು. "ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ. ಹಾಂ, ಬಿಡಿ." ಎದೆ ತುಂಬ ಗಾಳಿ ತುಂಬ್ಕೊಂಡು ಅಲುಗಾಡದೆ ಇದ್ರೆ ಚಿತ್ರ ನಿಚ್ಚಳವಾಗಿ ಬರುತ್ತೆ, ಅದಕ್ಕೆ. ಒಂದ್ಸಲ ಕೆಳಗಡೆ ಎಕ್ಸ್‌ರೇ ಕೋಣೇಲಿ ಒಬ್ಬ ಮುದುಕರ ಹೆಂಡತಿ ಇವನ ಮೇಲೆ ಹಾರಿಬಿದ್ಲು. "ಏನಯ್ಯಾ, ಗಟ್ಟಿಮುಟ್ಟಾಗಿ ನಡ್ಕೊಂಡು ಬಂದಿರೋ ನನ್ನ ಗಂಡನಿಗೆ ಉಸಿರು ಬಿಡು ಅಂತೀಯಾ? ನಿನ್ನ ಬಾಯಿಗೆ ಮಣ್ಣು ಹಾಕ!" ಇವನು ಕೈ ಮುಗಿದು, "ಬಿಟ್ಟು ಮತ್ತೆ ಎಳ್ಕೊಳ್ಳಿ ಅಂದೆ ಅಜ್ಜಿ" ಅಂತ ಸಮಾಧಾನ ಮಾಡೋಷ್ಟರಲ್ಲಿ ಸಾಕುಸಾಕಾಗಿತ್ತು. ಅವತ್ತಿಂದ ಕ್ಯಾಂಟೀನಿನಲ್ಲಿ ಇವನ ಮುಖ ಕಂಡ್ರೆ ಸಾಕು, "ಬಿಡಪ್ಪಾ ಬಿಡು" ಅಂತ ಎಲ್ಲರೂ ಕಿಚಾಯಿಸೋರು.

ತಮಾಷೆ ಏನಂದ್ರೆ, ಐಸಿಯುನಲ್ಲಿ ಗಂಟಲಿಗೆ ಕೊಳವೆ ಹಾಕಿ, ಔಷಧಿ ಕೊಟ್ಟು ಮಲಗಿಸಿರ್ತೀವಲ್ಲ, ಅಂಥೋರಿಗೂ ಇವನು ಆ ಮೂರು ಮಾತು ಹೇಳೋನು. ಅವರ ಬದಲಿಗೆ ಉಸಿರಾಡೋದು ವೆಂಟಿಲೇಟರ್. "ಯಾರಿಗೆ ಹೇಳ್ತಿದೀಯೋ? ಆ ಮಿಷಿನ್‌ಗಾ?" ಅಂತ ಕೇಳಿದೆ. "ಕೇಳಿಸಲ್ಲ ಅಂತ ಅವರೇನಾದ್ರೂ ನಿಮಗೆ ಹೇಳಿದಾರಾ?" ಅಂದ.

ಅವನಿಗೆ ಅಪ್ಪ ಅಮ್ಮ ಎರಡೂ ಅಕ್ಕನೇ. ಮನೆಯ ಮುಂದಿನ ಕೋಣೇಲಿ ಹೊಲಿಗೆ ಮಿಷಿನ್ ಇಟ್ಕೊಂಡು ಊರವರ ಬಟ್ಟೆ ಹೊಲೀತಾ ಇವನನ್ನ ಓದಿಸಿದೋಳು. ಕೆಲಸ ಕಲಿಯೋವಾಗ ಇವನು ಅಕ್ಕನ್ನೇ ಬೀರುವಿನ ಬಾಗಿಲಿಗೆ ಎದೆ ಒತ್ತಿ ನಿಲ್ಲಿಸಿ ಅಭ್ಯಾಸ ಮಾಡ್ತಿದ್ನಂತೆ. "ಎಳ್ಕೊ ಅಕ್ಕ. ಹಿಡ್ಕೊ." ಆಮೇಲೆ ಎಕ್ಸ್‌ರೇ ಹಿಡಿಯೋ ಪ್ಲೇಟು ಎಷ್ಟು ಎತ್ತರ ಇರಬೇಕು ಅಂತ ಪುಸ್ತಕ ತಿರುವ್ತಾ ಕೂತುಬಿಟ್ಟ. ಅವಳು ಕೆನ್ನೆ ಉಬ್ಬಿಸ್ಕೊಂಡು, ಮುಖ ಕೆಂಪಗೆ ಮಾಡ್ಕೊಂಡು, ಬೀರು ಬಡೀತಾ ನಿಂತಿದ್ಲಂತೆ! ಇವನು ಗಾಬರಿಯಾಗಿ "ಬಿಡು ಬಿಡು" ಅಂದ ಮೇಲೇ ಉಸಿರು ಬಿಟ್ಟಿದ್ದು. "ನೀನಾಗಿ ಬಿಡು ಅನ್ನೋವರೆಗೂ ನಾನು ಬಿಡೋಳಲ್ಲ ಕಣೋ, ನೆನಪಿರಲಿ" ಅಂದ್ಲಂತೆ. ಇದನ್ನ ಅವನು ಟೀ ಕುಡೀತಾ ನನಗೆ ಎಷ್ಟು ಸಲ ಹೇಳಿದ್ದಾನೋ ಲೆಕ್ಕ ಇಲ್ಲ. ಪ್ರತಿ ಸಲಾನೂ ಕೆನ್ನೆ ಉಬ್ಬಿಸಿ ತೋರಿಸೋನು.

ಆಮೇಲೆ ಆ ಹಾಳು ಜ್ವರ ಬಂತು. ವೈರಸ್ ನೇರ ಶ್ವಾಸಕೋಶಕ್ಕೇ ಇಳಿಯೋದು. ಬೆಡ್ ಮೇಲೆ ಬೆಡ್ ತುಂಬ್ತು. ಬೆಳಗ್ಗೆ ಡಾಕ್ಟರಮ್ಮ ಬರೋಷ್ಟರಲ್ಲಿ ಎಲ್ಲರ ಎದೆಯ ಎಕ್ಸ್‌ರೇ ಆಗಿರಬೇಕು. ನಾನೊಂದು ಕಡೆ, ಇನ್ನೊಬ್ಬಳು ನರ್ಸ್ ಒಂದು ಕಡೆ ರೋಗೀನ ಎತ್ತಿ ಹಿಡೀಬೇಕು. ಅವನು ಪ್ಲಾಸ್ಟಿಕ್ ಚೀಲ ಸುತ್ತಿದ ಪ್ಲೇಟನ್ನ ಬೆನ್ನ ಕೆಳಗೆ ತೂರಿಸಿ, ಎದೆ ಮೇಲಿನ ವೈರುಗಳನ್ನ ಪಕ್ಕಕ್ಕೆ ಸರಿಸಿ, ನಮ್ಮನ್ನ ದೂರ ಸರಿಸಿ, ಕಿರಣ ತಾಗದ ಹಾಗೆ ಸೀಸದ ಏಪ್ರನ್ ಹೊತ್ಕೊಂಡು ತಾನೂ ದೂರ ನಿಂತು ಗುಂಡಿ ಒತ್ತೋನು. ಚಿತ್ರ ಆ ಮಿಷಿನ್ ಪರದೆ ಮೇಲೇ ಬರುತ್ತೆ. ಗಾಳಿ ಇರೋ ಜಾಗ ಕಪ್ಪು. ಕಪ್ಪಗಿದ್ರೆ ಒಳ್ಳೇದು. ಈ ಕಾಯಿಲೇಲಿ ಎರಡೂ ಕಡೆ ಅಂಚಿಂದ, ಕೆಳಗಿಂದ, ಬಿಳಿ ಹಬ್ಬಿಕೊಂಡು ಬರುತ್ತೆ. ಕಾಯಿಲೆ ತುಂಬ ಬಿಗಡಾಯಿಸಿದೋರದ್ದರಲ್ಲಿ ಹೃದಯದ ಅಂಚೂ ಕಾಣಲ್ಲ, ಪೂರಾ ಸುಣ್ಣ ಬಳಿದ ಗೋಡೆ.

ಹಾಗಿರೋವಾಗ ಒಂದು ದಿನ ಇವನ ಅಕ್ಕನೇ ಬಂದು ಕಿಟಕಿ ಪಕ್ಕದ ಬೆಡ್ಡಿನಲ್ಲಿ ಮಲಗಿದ್ಲು.

ಮೊದಲ ದಿನ ಆಕ್ಸಿಜನ್ ಮಾಸ್ಕ್ ಹಾಕ್ಕೊಂಡು ಎದ್ದೇ ಕೂತಿದ್ಲು. ಬೆರಳ ತುದಿಯೆಲ್ಲ ಸೂಜಿ ಚುಚ್ಚಿ ಒರಟು. ನನ್ನ ಏಪ್ರನ್ ಹೊಲಿಗೆ ಬಿಚ್ಚಿರೋದನ್ನ ನೋಡಿ, "ಹುಷಾರಾದ ಮೇಲೆ ಹಾಕ್ಕೊಡ್ತೀನಮ್ಮ" ಅಂದ್ಲು. ತಮ್ಮ ಮಿಷಿನ್ ತಂದ. ಬಾಗಿಲಿಗೆ ಗುದ್ದಲಿಲ್ಲ, ಅವತ್ತು ಮಾತ್ರ. "ಎಳ್ಕೊ ಅಕ್ಕ. ಹಿಡ್ಕೊ. ಬಿಡು." ಅವಳು ಕೆಮ್ಮಿ, ಸುಧಾರಿಸ್ಕೊಂಡು, "ಪರವಾಗಿಲ್ಲ, ಈ ಸಲ ಮರೀಲಿಲ್ಲ" ಅಂತ ನಕ್ಕಳು. ನಾವೂ ನಕ್ವಿ. ಆದ್ರೆ ಪರದೆ ಮೇಲೆ ಆಗಲೇ ಎರಡೂ ಕಡೆ ಬಿಳಿ ಹತ್ತಿತ್ತು.

ಎರಡು ದಿನ ಕಳೆಯೋಷ್ಟರಲ್ಲಿ ಅವಳಿಗೂ ಕೊಳವೆ ಹಾಕಬೇಕಾಯ್ತು. ಮಾರನೇ ಬೆಳಗ್ಗೆ ಅವನು ಬಂದ, ಪ್ಲೇಟು ಇಟ್ಟ, ದೂರ ನಿಂತ. "ಎಳ್ಕೊ ಅಕ್ಕ. ಹಿಡ್ಕೊ." ಗುಂಡಿ ಒತ್ತಿದ. ಮೂರನೇ ಮಾತು ಬರಲಿಲ್ಲ. ಪ್ಲೇಟು ತೆಗೆಯೋಕೆ ನಾನು ಅವಳನ್ನ ಎತ್ತಿ ಹಿಡಿದು ಕಾದೆ. ಅವನು ಸುಮ್ಮನೆ ಪ್ಲೇಟು ತೆಗೆದು ಹೊರಟುಹೋದ. ಅದರ ಮಾರನೇ ದಿನಾನೂ ಹಾಗೇ, ಆಮೇಲೂ ಹಾಗೇ. ಪಕ್ಕದ ಬೆಡ್ಡಿನೋರಿಗೆ ಮೂರೂ ಮಾತು, ಅಕ್ಕನಿಗೆ ಎರಡೇ. ಜೀವ ಹಿಡ್ಕೊಂಡು ಮಲಗಿರೋಳಿಗೆ ಬಿಡು ಅಂತ ಹೇಳೋದು ಹೇಗೆ? ನನ್ನ ತಂಗಿ ಆಗಿದ್ರೆ ನಾನೂ ಹೇಳ್ತಿರಲಿಲ್ಲ.

ಅಕ್ಕನ ಗಂಡ, ಅವನ ಭಾವ, ದಿನಾ ಮೆಟ್ಟಿಲ ಹತ್ರ ನಿಂತಿರೋರು. ಒಳಗೆ ಬಿಡ್ತಿರಲಿಲ್ವಲ್ಲ. ಬಸ್ ಡಿಪೋದಲ್ಲಿ ಕೆಲಸ, ಮಾತು ಕಮ್ಮಿ. ಒಂದು ದಿನ ನಾನೂ ಅಲ್ಲೇ ಇದ್ದೆ. "ಫೋಟೋ ಹೇಗೆ ಬಂದಿದೆಯೋ?" ಅಂತ ಕೇಳಿದ್ರು.

ಇವನಿಗೆ ಸುಳ್ಳೂ ಬರಲಿಲ್ಲ, ನಿಜಾನೂ ಬರಲಿಲ್ಲ. "ಬೆಳ್ಳಗಿದೆ ಭಾವ" ಅಂದ.

ಆ ಮನುಷ್ಯನ ಮುಖ ಅರಳಿಬಿಡ್ತು! "ಇರುತ್ತೆ ಕಣೋ. ಒಂದು ಕೆಟ್ಟ ಚಟ ಇಲ್ಲ, ಒಬ್ಬರಿಗೆ ಕೆಟ್ಟದ್ದು ಬಯಸಿದೋಳಲ್ಲ. ಅವಳ ಎದೆ ಬೆಳ್ಳಗಿರದೆ ಇನ್ನು ಯಾರದ್ದಿರುತ್ತೆ?" ಅಂತ ಇವನ ಭುಜ ತಟ್ಟಿದ್ರು.

ಅಯ್ಯೋ ದೇವರೇ! ಫೋಟೋ ನನ್ನ ಕಡೆ ನೋಡಿದ. ನಾನೇ ಭಾವನನ್ನ ಪಕ್ಕಕ್ಕೆ ಕರ್ಕೊಂಡು ಹೋಗಿ, ಬಿಳಿ ಅಂದ್ರೆ ಏನು ಅಂತ ಬಿಡಿಸಿ ಹೇಳಿದೆ. ಅವರು ತಲೆ ಆಡಿಸಿದ್ರು, ಥ್ಯಾಂಕ್ಸ್ ಅಂದ್ರು, ಮೆಟ್ಟಿಲ ಮೇಲೆ ಕೂತುಬಿಟ್ರು.

ಅದಾದ ಮೇಲೆ ಒಂದು ಬೆಳಗ್ಗೆ ಇವನು ಪರದೆ ನೋಡ್ತಾ ಕೂಗಿಬಿಟ್ಟ. "ಸಿಸ್ಟರ್! ಬಲಗಡೆ ಕಪ್ಪಾಗಿದೆ! ನೋಡಿ, ಕಪ್ಪಾಗಿದೆ!" ನಾನು ಕೈಯಲ್ಲಿದ್ದದ್ದು ಬಿಟ್ಟು ಓಡಿದೆ. ಹೌದು, ಬಲಗಡೆ ಅಂಚಿನುದ್ದಕ್ಕೂ ಒಂದು ಕಪ್ಪು ಪಟ್ಟಿ. ಎಷ್ಟೋ ದಿನದ ಮೇಲೆ ಅವನ ಕಣ್ಣಲ್ಲಿ ಬೆಳಕು ನೋಡಿದೆ. ನನ್ನ ಭುಜ ಹಿಡಿದು ಅಲುಗಾಡಿಸಿದ. ಆಮೇಲೆ ಇನ್ನೊಂದು ಸಲ ಬಗ್ಗಿ ನೋಡಿದ, ಮುಖ ಇಳಿದುಹೋಯ್ತು. ಒಳ್ಳೆ ಕಪ್ಪಿನಲ್ಲಿ ಸಣ್ಣ ಸಣ್ಣ ರಕ್ತನಾಳದ ಗೆರೆ ಕಾಣುತ್ತೆ. ಇದರಲ್ಲಿ ಒಂದು ಗೆರೆನೂ ಇರಲಿಲ್ಲ. ಶ್ವಾಸಕೋಶ ತೂತಾಗಿ, ಗಾಳಿ ಹೊರಗೆ ಸೋರಿ, ಪಕ್ಕೆಲುಬಿಗೂ ಅದಕ್ಕೂ ನಡುವೆ ತುಂಬ್ಕೊಂಡಿತ್ತು. ಡಾಕ್ಟರಮ್ಮ ಓಡಿ ಬಂದು ಪಕ್ಕೆಗೆ ಇನ್ನೊಂದು ಕೊಳವೆ ಹಾಕಿದ್ರು. ಅದು ಸರಿಯಾದ ಜಾಗದಲ್ಲಿದೆಯಾ ನೋಡೋಕೆ ಮತ್ತೆ ಎಕ್ಸ್‌ರೇ. ಮತ್ತೆ ಅವನೇ. "ಎಳ್ಕೊ ಅಕ್ಕ. ಹಿಡ್ಕೊ." ಧ್ವನಿ ಅಲ್ಲಿಗೇ ಒಡೀತು. ಮಿಷಿನ್ ತಳ್ಕೊಂಡು ಹೋದ, ಬಾಗಿಲಿಗೆ ಜೋರಾಗಿ ಗುದ್ದಿದ. ನಾನು ಬೈಲಿಲ್ಲ.

ಅವತ್ತು ಮಧ್ಯಾಹ್ನ ಅವಳು ಹೋದ್ಲು. ಅವನು ಆಗ ಕೆಳಗೆ ಯಾವುದೋ ಮಗುವಿನ ಮುರಿದ ಕೈ ಎಕ್ಸ್‌ರೇ ತೆಗೀತಿದ್ನಂತೆ. ಯಾರೋ ಹೇಳಿ ಓಡಿ ಬರೋಷ್ಟರಲ್ಲಿ ವೆಂಟಿಲೇಟರ್ ಆರಿಸಿಯಾಗಿತ್ತು.

ಸೀಸದ ಏಪ್ರನ್ನನ್ನೂ ಬಿಚ್ಚದೆ ಬಂದಿದ್ದ. ಅದರ ಭಾರಕ್ಕೋ ಏನೋ, ಬೆಡ್ ಪಕ್ಕ ಕುಸಿದು ಕೂತ. ಅಕ್ಕನ ಒರಟು ಬೆರಳು ಹಿಡ್ಕೊಂಡು ಮಗು ಥರ ಅತ್ತ. "ನಾನು ಬಿಡು ಅನ್ನಲೇ ಇಲ್ಲ ಸಿಸ್ಟರ್. ಅಷ್ಟು ದಿನ ಹಿಡಿಸಿಟ್ಟೆ. ನಾನು ಹೇಳೋವರೆಗೂ ಬಿಡಲ್ಲ ಅಂದಿದ್ಲು. ಎಷ್ಟು ನೋವಾಯ್ತೋ ಏನೋ. ಹಿಡ್ಕೊಂಡೇ ಹೋದ್ಲು."

ನನಗೆ ಕಣ್ಣು ಮಂಜಾಗಿ ಏನೂ ಕಾಣ್ತಿರಲಿಲ್ಲ. ಆದ್ರೆ ಬಾಯಿ ಮಾತ್ರ ಎಂದಿನ ಹಾಗೇ ಜೋರಾಗೇ ಬಂತು. "ಏಳೋ ಮೇಲೆ, ಪೆದ್ದ! ನೀನು ಬಾಯಿ ಮುಚ್ಕೊಂಡು ಹೋಗ್ತಿದ್ರೆ ನಾನೇನು ಕಡ್ಲೆಕಾಯಿ ತಿಂತಾ ನಿಂತಿರ್ತಿದ್ನಾ? ದಿನಾ ನೀನು ಹೋದ ಮೇಲೆ ನಾನು ಅವಳ ಕಿವಿ ಹತ್ರ ಬಗ್ಗಿ, 'ಅಕ್ಕಾ, ನಿಮ್ಮ ತಮ್ಮ ಬಿಡು ಅಂದ' ಅಂತ ಹೇಳ್ತಿದ್ದೆ. ಇವತ್ತೂ ಹೇಳಿದೀನಿ."

ಅವನು ತಲೆ ಎತ್ತಿದ. "ನಿಜವಾಗ್ಲೂ?"

"ಸುಳ್ಳಾದ್ರೆ ನನ್ನ ನಾಲಿಗೆ ಬಿದ್ದುಹೋಗ್ಲಿ."

ಅವನು ಒಂದು ದೊಡ್ಡ ಉಸಿರು ಬಿಟ್ಟ. ಎಷ್ಟು ದಿನದಿಂದ ಒಳಗಿಟ್ಕೊಂಡಿದ್ನೋ. ಆಮೇಲೆ ಎದ್ದು, ಕೆಳಗೆ ಮೆಟ್ಟಿಲ ಹತ್ರ ಕಾಯ್ತಿದ್ದ ಭಾವನಿಗೆ ಹೇಳೋಕೆ ಹೋದ.

ಈಗಲೂ ಅವನು ದಿನಾ ಬೆಳಗ್ಗೆ ಬರ್ತಾನೆ, ಬಾಗಿಲಿಗೆ ಗುದ್ತಾನೆ, ನಿದ್ದೇಲಿರೋರಿಗೂ ಮೂರೂ ಮಾತು ಹೇಳ್ತಾನೆ. ನಾನು ಬೈತೀನಿ. ನಾಲಿಗೆ ಇನ್ನೂ ಬಿದ್ದಿಲ್ಲ, ನೀವೇ ನೋಡ್ತಿದೀರಲ್ಲ. ಅವಳ ಕಿವಿ ಹತ್ರ ನಾನು ಒಂದು ದಿನಾನೂ ಬಗ್ಗಿರಲಿಲ್ಲ.