ಭೀಮಕ್ಕನ ಕುರಿ, ಕುಂಯ್ಗುಡುವ ಪೆಟ್ಟಿಗೆ

ಬಿಳಿಚೋಡಿನ ಭೀಮಕ್ಕನನ್ನು ನಾನು ಮೊದಲು ಕಂಡದ್ದು ಜಗಳೂರಿನ ತಾಲ್ಲೂಕು ಕಚೇರಿ ಮುಂದಿನ ರೈತರ ಧರಣಿಯಲ್ಲಿ. ನಾವೆಲ್ಲ ಗಂಟಲು ಹರಿದುಕೊಂಡು ಧಿಕ್ಕಾರ ಕೂಗುತ್ತಿದ್ದಾಗ ಈ ಹೆಂಗಸು ನನ್ನ ತೋಳು ಜಗ್ಗಿ, "ಅಣ್ಣಾ, ಧಿಕ್ಕಾರ ಅಂದ್ರೆ ಬೈಗುಳಾನೋ, ಹರಕೆನೋ? ಗೊತ್ತಾದ್ರೆ ಇನ್ನೂ ಜೋರಾಗಿ ಕೂಗ್ತೀನಿ" ಎಂದಳು. ಬೈಗುಳ ಎಂದೆ. ಆಮೇಲೆ ಅವಳು ಎತ್ತಿದ ದನಿಗೆ ಕಚೇರಿಯ ಹೆಂಚಿನ ಮೇಲಿದ್ದ ಪಾರಿವಾಳಗಳು ಎದ್ದು ಹೋದವು.

ಅವಳ ಗಂಡ ಗೋಣೆಪ್ಪ ಊರಿನ ಪಂಚಾಯ್ತಿಕೆ ಮಾಡುವವನು. ಮಾತು ಕಡಿಮೆ, ಗತ್ತು ಜಾಸ್ತಿ. ಎಂಬತ್ತಾರನೇ ಇಸವಿಯಲ್ಲಿ ಗಂಡ ಹೆಂಡಿರ ನಡುವೆ ಒಂದು ಕುರಿಯ ಜಗಳ ನಡೆದಿತ್ತು. ಭೀಮಕ್ಕನ ಅವ್ವ ಸತ್ತ ಮೇಲೆ ತವರಿನಿಂದ ಅವಳಿಗೆ ಬಂದದ್ದು ಆ ಕರಿ ಕುರಿಯೊಂದೇ. ಅದು ಎರಡು ಹಂಗಾಮಿನಿಂದ ಮರಿ ಹಾಕಿರಲಿಲ್ಲ. "ಗೊಡ್ಡು ಕುರಿಗೆ ಮೇವು ದಂಡ, ಈ ಸಂತೆಗೆ ಹೊಡೀತೀನಿ" ಎಂದು ಗೋಣೆಪ್ಪ. "ಹೊಡದ್ರೆ ನಾನೂ ಅದರ ಹಿಂದೇನೇ ಹೋಗ್ತೀನಿ, ನೀನು ಮುದ್ದೆ ತಿರುವಾಕೆ ಕಲಿ" ಎಂದು ಇವಳು.

ಅಷ್ಟರಲ್ಲಿ, ನಾನು ಆ ಊರಿಗೆ ಹೋಗಿದ್ದ ದಿನವೇ, ಒಂದು ಜೀಪು ಬಂತು. ತುರ್ತು ಪರಿಸ್ಥಿತಿಯಲ್ಲಿ ಗಂಡಸರನ್ನು ಸಂತಾನಹರಣದ ಆಪರೇಷನ್ನಿಗೆ ಜೀಪಿನಲ್ಲಿ ತುಂಬಿಕೊಂಡು ಹೋದದ್ದನ್ನು ಮರೆಯದ ಊರು ಅದು. ಅರ್ಧ ಗಂಡಸರು ಜಾಲಿಯ ಮರೆಗೆ ಓಡಿದರು. ಇಳಿದವರು ನೋಡಿದರೆ ಮಹೇಶ್ವರಪ್ಪ ಡಾಕ್ಟರು. ಚನ್ನಗಿರಿ ಕಡೆಯವರು, ಕುರಿಗಳ ಸಂಶೋಧನೆಯವರು. ಹೊನ್ನಾಳಿ, ನ್ಯಾಮತಿ ಸುತ್ತಿ ನಮ್ಮ ಕಡೆ ಬಂದಿದ್ದರು. ಕೈಯಲ್ಲಿ ರೇಡಿಯೋದಂಥ ಪೆಟ್ಟಿಗೆ, ಅದಕ್ಕೊಂದು ವೈರು, ವೈರಿನ ತುದಿಗೆ ಗಿಡ್ಡ ಕೋಲು. ಕಿವಿಗೆ ಕೇಳದ ಸದ್ದನ್ನು ಅದು ಹೊಟ್ಟೆಯೊಳಗೆ ಕಳಿಸುತ್ತದಂತೆ. ಒಳಗೆ ನೀರು ತುಂಬಿದ ಗರ್ಭವಿದ್ದರೆ ಸದ್ದು ಬಡಿದು ವಾಪಸು ಬಂದು ಪೆಟ್ಟಿಗೆ ಕುಂಯ್ ಎನ್ನುತ್ತದಂತೆ. ಸರ್ಕಾರದ ಪೆಟ್ಟಿಗೆ ಎಂದರೆ ನನಗೆ ಮೊದಲೇ ಅನುಮಾನ. ನೋಡೋಣವೆಂದು ನಾನೂ ನಿಂತೆ.

ಮಧ್ಯಾಹ್ನದವರೆಗೆ ಕುಂಯ್ ಕುಂಯ್ ನಡೆಯಿತು. ಸದ್ದು ಒಳಗೆ ದಾಟಲೆಂದು ಕೋಲಿಗೆ ಹಚ್ಚುವ ಲೋಳೆ ಮುಗಿದು, ಅದರ ಬದಲಿಗೆ ಭೀಮಕ್ಕನ ಮನೆಯ ಹರಳೆಣ್ಣೆ ಬಂತು. ಕಡೆಗೆ ಕರಿ ಕುರಿಯ ಸರದಿ. ಡಾಕ್ಟರು ಕೋಲನ್ನು ತೊಡೆಯ ಸಂದಿಗೆ ಒತ್ತಿದರು, ಆಚೆ ತಿರುಗಿಸಿದರು, ಈಚೆ ತಿರುಗಿಸಿದರು. ಪೆಟ್ಟಿಗೆ ಉಸಿರೆತ್ತಲಿಲ್ಲ.

"ಕೇಳಿದ್ಯಾ? ಸಂತೆಗೆ!" ಎಂದ ಗೋಣೆಪ್ಪ.

ಭೀಮಕ್ಕ ಸೆರಗು ಬಿಗಿದಳು. "ಡಾಕ್ಟರೇ, ನಿಮ್ಮ ಪೆಟ್ಟಿಗೆ ಖರೇ ಹೇಳ್ತೈತೋ, ಸುಳ್ಳು ಹೇಳ್ತೈತೋ ಹೆಂಗೆ ಗೊತ್ತಾಗಬೇಕು? ಗ್ಯಾರಂಟಿ ಗಬ್ಬ ಇಲ್ಲದ ಹೊಟ್ಟೆ ಮೇಲೆ ಇಟ್ಟು ತೋರಿಸ್ರಿ."

"ಅಂಥ ಹೊಟ್ಟೆ ಎಲ್ಲೈತಮ್ಮಾ?"

"ಇಲ್ಲೇ ನಿಂತೈತಲ್ರೀ, ನನ್ನ ಗಂಡಂದು."

ಜನ ಹೋ ಎಂದರು. ಗೋಣೆಪ್ಪ ಹಿಂದೆ ಸರಿದರೆ ಗತ್ತು ಹೋಗುತ್ತದೆ. ಅಂಗಿ ಎತ್ತಿ ನಿಂತ. ಪಾಪ, ಸಾಹೇಬರ ಜೊತೆ ಬೆಳಿಗ್ಗೆಯಿಂದ ಮಜ್ಜಿಗೆಯ ಮೇಲೆ ಮಜ್ಜಿಗೆ ಕುಡಿದಿದ್ದ. ನಡುವೆ ಎದ್ದು ಬಯಲಿಗೆ ಹೋದರೆ ಏನಂದುಕೊಂಡಾರೋ ಎಂದು ಬಿಗಿಹಿಡಿದು ಕೂತಿದ್ದ. ಡಾಕ್ಟರು ನಗುತ್ತ ಹರಳೆಣ್ಣೆ ಸವರಿ ಹೊಕ್ಕುಳ ಕೆಳಗೆ ಕೋಲು ಒತ್ತಿದರು.

ಕುಂಯ್ಯ್ಯ್!

ನಾನು ನನ್ನ ಜನ್ಮದಲ್ಲಿ ಅಷ್ಟು ದೊಡ್ಡ ನಗುವನ್ನು ಕೇಳಿಲ್ಲ. ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದರು. ಜಾಲಿಯ ಮರೆಯಲ್ಲಿದ್ದವರೂ ಓಡಿ ಬಂದರು. "ಎಷ್ಟು ತಿಂಗಳಾತೋ ಗೋಣೆಪ್ಪಾ?" ಎಂದು ಒಬ್ಬ, "ಬಸುರಿ ಕುಬಸಕ್ಕೆ ಹಸಿರು ಖಣ ತರ್ರೇ" ಎಂದು ಒಬ್ಬಳು. ಭೀಮಕ್ಕನಂತೂ ನೆಲಕ್ಕೆ ಕೂತೇ ನಕ್ಕಳು. "ನೀನೇ ಗಬ್ಬ ಅಂತು ಪೆಟ್ಟಿಗೆ! ಇದರ ಮಾತು ಕೇಳಿ ನನ್ನ ಕುರಿ ಮಾರ್ತೀಯಾ?"

ಡಾಕ್ಟರು ಕಣ್ಣೊರೆಸಿಕೊಳ್ಳುತ್ತ, "ಉಚ್ಚೆ ತುಂಬಿದ್ರೂ ಕೂಗ್ತೈತಮ್ಮಾ, ಅದಕ್ಕೆ ನೀರು ಯಾವುದಾದ್ರೂ ಒಂದೇ" ಎಂದರು. ಗೋಣೆಪ್ಪ ಆಗಲೇ ಬಯಲಿನ ಕಡೆ ಓಡುತ್ತಿದ್ದ. "ಇನ್ನೊಂದು ಮಾತು. ಗಬ್ಬ ಕಟ್ಟಿ ಎರಡು ತಿಂಗಳಾದ್ರೂ ಆಗಬೇಕು, ಇಲ್ಲಾಂದ್ರೆ ಇದಕ್ಕೆ ಗೊತ್ತಾಗಾಕಿಲ್ಲ. ಮುಂದಿನ ಸಲ ಬಂದಾಗ ನೋಡ್ತೀನಿ, ಅಲ್ಲೀತನಕ ಮಾರಬ್ಯಾಡ್ರಿ."

ಸಂತೆಯ ಮಾತನ್ನು ಗೋಣೆಪ್ಪ ಆಮೇಲೆ ಎತ್ತಲಿಲ್ಲ. ಎತ್ತುವ ಹಾಗೂ ಇರಲಿಲ್ಲ. ಸುದ್ದಿ ಬಸ್ಸು ಹತ್ತಿ ಜಗಳೂರು ಮುಟ್ಟಿತ್ತು. ಸಂತೆಗೆ ಹೋದರೆ ಎಲೆ ಅಡಿಕೆಯವನಿಂದ ಹಿಡಿದು ಎಲ್ಲರೂ ಅವನ ಹೊಟ್ಟೆಯನ್ನೇ ನೋಡುತ್ತಿದ್ದರು.

ಡಾಕ್ಟರು ಮತ್ತೆ ಬಂದದ್ದು ಜೋಳ ತೆನೆ ಹಿಡಿಯುವ ಹೊತ್ತಿಗೆ. ಈ ಸಲ ಊರಿಗೆ ಊರೇ ನೆರೆದಿತ್ತು, ನಾನೂ ಹೋಗಿದ್ದೆ. ಕರಿ ಕುರಿಗೆ ಕೋಲು ಒತ್ತಿದರು. ಕುಂಯ್! ಜನ ಕೇಕೆ ಹಾಕಿದರು. ಆದರೆ ಭೀಮಕ್ಕ ಕೈ ಅಡ್ಡ ಹಿಡಿದಳು. ಅವಳ ಮುಖದಲ್ಲಿ ನಗುವಿರಲಿಲ್ಲ.

"ತಡೀರಿ. ಮಜ್ಜಿಗೆನೋ, ಮರಿನೋ?"

ಡಾಕ್ಟರು ಕುರಿಯ ಮೂಗನ್ನು ಒಂದು ಗಳಿಗೆ ಒತ್ತಿ ಹಿಡಿದರು. ಉಸಿರು ಕಟ್ಟಿದ ಕುರಿ ಗಾಬರಿಗೆ ಸರ್ರನೆ ಉಚ್ಚೆ ಹೊಯ್ದಿತು. ನಿಂತಷ್ಟೂ ಜನ ಆ ಧಾರೆಯನ್ನು ಕೊನೆಯ ಹನಿಯವರೆಗೂ ಮಿಕಮಿಕ ನೋಡಿದರು. ಕುರಿಯ ಉಚ್ಚೆಗೆ ಅಷ್ಟು ಮರ್ಯಾದೆ ಯಾವ ಊರಲ್ಲೂ ಸಿಕ್ಕಿರಲಾರದು. ಡಾಕ್ಟರು ಎಣ್ಣೆ ಸವರಿ ಮತ್ತೆ ಒತ್ತಿದರು.

ಕುಂಯ್.

"ಮರಿ ಐತಮ್ಮಾ."

ಭೀಮಕ್ಕ ತಾಲ್ಲೂಕು ಕಚೇರಿ ಮುಂದೆ ಎತ್ತಿದ್ದಕ್ಕಿಂತ ಜೋರಾಗಿ ಒಂದು ಕೂಗು ಹಾಕಿ, ಡಾಕ್ಟರ ಕೈಗೆ, ಪೆಟ್ಟಿಗೆಗೆ, ಹತ್ತಿರವಿದ್ದ ನನ್ನ ತಲೆಗೆ, ಎಲ್ಲದಕ್ಕೂ ಹರಳೆಣ್ಣೆ ಮೆತ್ತಿದಳು. ಆಮೇಲೆ ಕುರಿಯ ಕೊರಳಿಗೆ ಕೈ ಹಾಕಿ ಗಂಡನ ಕಡೆ ತಿರುಗಿದಳು.

"ಏನಂತೀಯ?"

ಗೋಣೆಪ್ಪ ಗಂಟಲು ಸರಿಮಾಡಿಕೊಂಡ. ಪಂಚಾಯ್ತಿಯಲ್ಲಿ ತೀರ್ಪು ಹೇಳುವ ದನಿಯಲ್ಲೇ, "ಗಬ್ಬದ ಕುರಿನ ಬಿಸಿಲಾಗೆ ನಿಲ್ಲಿಸಬ್ಯಾಡ್ರಲೇ, ದಾರಿ ಬಿಡ್ರಿ" ಎಂದು ಜನರನ್ನು ಗದರಿಸುತ್ತ, ಕುರಿಯ ಮುಂದೆ ಮುಂದೆ ಮನೆ ಕಡೆ ನಡೆದ.