ಅಂಟು ಕಾಯಿಸುವವರ ಕೂಟ

ಆ ಶುಕ್ರವಾರ ಸಾಹುಕಾರರು ಹಳದಿ ರುಮಾಲು ಸುತ್ತಿದ್ದರು ಎಂದು ಬರೆದು ಹೊಡೆದುಹಾಕಿದೆ. ಬಿಳಿಯದೂ ಇರಬಹುದು. ಗೆದ್ದ ದಿನಗಳಿಗೆ ಬಣ್ಣ ಬಳಿಯುವ ಚಟ ನೆನಪಿಗಿದೆ. ಆದ್ದರಿಂದ ಅನುಮಾನವಿಲ್ಲದ್ದನ್ನು ಮೊದಲು ಹೇಳುತ್ತೇನೆ: ಅಂಟಿನ ವಾಸನೆ.

ರಾಯಚೂರಿನ ವಾಚನಾಲಯದ ಹಿಂದಿನ ಕೋಣೆಯಲ್ಲಿ ನಾವು ಮೂವರು ಒಲೆಯ ಸುತ್ತ ಕೂತಿದ್ದೆವು. ಯುದ್ಧದ ವರ್ಷಗಳು ಅವು. ರಾಯಚೂರು, ದೇವದುರ್ಗ, ಮಾನ್ವಿ, ಈ ಮೂರು ಊರಿನ ವಾಚನಾಲಯಗಳ ಆಡಳಿತ ಮಂಡಳಿಯವರು ಸೇರಿ ಒಂದು ಒಕ್ಕೂಟ ಮಾಡಿದ್ದರು. ಒಬ್ಬರ ಪುಸ್ತಕ ಮತ್ತೊಬ್ಬರಿಗೆ ಎರವಲು ಸಿಗಲಿ ಎಂಬುದು ಉದ್ದೇಶ. ವಕೀಲರು, ವ್ಯಾಪಾರಿಗಳು ಹಾರ ಹಾಕಿಸಿಕೊಂಡು ಮನೆಗೆ ಹೋದರು. ಪುಸ್ತಕದ ಗಂಟು ಕಟ್ಟಿ ಬಸ್ಸಿಗೆ ಹಾಕುವ, ಗೆದ್ದಲು ಕೊಡವುವ ನಾವು ನಮ್ಮದೇ ಒಂದು ಕೂಟ ಮಾಡಿಕೊಂಡೆವು. ನಿಜಾಮರ ಆಳ್ವಿಕೆಯಲ್ಲಿ ಸಭೆ ಸೇರಲು ಪರವಾನಗಿ ಬೇಕಿತ್ತು. ನಡುವೆ ಮೈದಾ ಅಂಟಿನ ಗಡಿಗೆ ಕುದಿಯುತ್ತಿದ್ದರೆ ಅದು ಸಭೆಯಲ್ಲ, ಹರಿದ ಪುಸ್ತಕಗಳ ರಿಪೇರಿ. ಅಂಟಿಗೆ ಹುಳ ಬೀಳದಂತೆ ಮೈಲುತುತ್ತ ಎಷ್ಟು ಹಾಕಬೇಕು ಎಂದು ಶುರುವಾದ ಮಾತು, ಪುಸ್ತಕ ಯಾರದು ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು.

ರಾಯಚೂರಿನವನು ನಾನು. ಮಾನ್ವಿಯಿಂದ ಬರುತ್ತಿದ್ದವರು ಅಲ್ಲಿನ ಹೆಣ್ಣುಮಕ್ಕಳ ಶಾಲೆಯ ಅಕ್ಕೋರು. ಶಾಲೆ ಬಿಟ್ಟ ಮೇಲೆ ವಾಚನಾಲಯದ ಬಾಗಿಲು ತೆಗೆಯುವವರು ಅವರೇ. ದೇವದುರ್ಗದವರು ನಮ್ಮೆಲ್ಲರಿಗಿಂತ ಹಿರಿಯರು, ಕುರಿ ಕಾಯುವ ಮನೆತನದವರು. ಅವರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು.

ಕಾಕಾನ ವಾಚನಾಲಯದಲ್ಲಿ ಓದುವಂಥ ಪುಸ್ತಕಗಳಿದ್ದದ್ದು ಒಂದೇ ಅಲಮಾರಿಯಲ್ಲಿ. ತೇಗದ್ದು, ಗಾಜಿನ ಬಾಗಿಲಿನದು. ಕೊಟ್ಟವರು ಹತ್ತಿ ವ್ಯಾಪಾರದ ಸಾಹುಕಾರರು. ಅಲಮಾರಿ ವಾಚನಾಲಯಕ್ಕೆ, ಕೀಲಿ ದಾನಿಯ ಉಡಿದಾರಕ್ಕೆ: ಆಗಿನ ಪದ್ಧತಿಯೇ ಅದು. ಜನ ಬಂದು ಗಾಜಿನಾಚೆಯ ಹೆಸರುಗಳನ್ನು ಓದಿಕೊಂಡು ಹೋಗುತ್ತಿದ್ದರು. ಬರಬರುತ್ತ ಅದೂ ನಿಂತಿತು. ಓದುವವರೇ ಇಲ್ಲದ ಮೇಲೆ ಯುಗಾದಿಗೆ ಮುಚ್ಚಿಬಿಡೋಣ ಎಂದು ಅಲ್ಲಿನ ಮಂಡಳಿ ತೀರ್ಮಾನಿಸಿತ್ತು. ಹೆಂಡತಿ ಸತ್ತ ಮೇಲೆ ಕಾಕಾನಿಗೆ ಇದ್ದದ್ದು ಆ ಕೋಣೆಯೊಂದೇ.

ಅಕ್ಕೋರು ಒಂದು ನಿಯಮ ತಂದರು: ಬೀಗ ಹಾಕಿದ ಅಲಮಾರಿ ಇರುವ ಊರಿಗೆ ಉಳಿದಿಬ್ಬರು ಪುಸ್ತಕ ಕಳಿಸಬಾರದು. ಇದರಿಂದ ಕಾಕಾನಿಗೇ ಏಟು ಎಂದು ನಾನು ತಕರಾರು ತೆಗೆದೆ. ಮೊದಲು ಕೈ ಎತ್ತಿದವರು ಕಾಕಾ.

ಅವರು ಸಂಜೆ ಸಾಹುಕಾರರ ತಾಯಿಗೆ ಕತೆ ಓದಲು ಹೋಗುತ್ತಿದ್ದರು. ಆ ಮುದುಕಿಗೆ ಕಣ್ಣು ಕಾಣುತ್ತಿರಲಿಲ್ಲ. ಮಗ ಅಲಮಾರಿಯಿಂದ ತಂದುಕೊಟ್ಟ ಕತೆಯ ಮೊದಲ ಭಾಗ, ರಾಣಿಯೊಬ್ಬಳು ಕೂಸನ್ನು ಎತ್ತಿಕೊಂಡು ತುಂಬಿದ ಹೊಳೆಯ ದಂಡೆಗೆ ಬಂದು ನಿಂತಲ್ಲಿ ಮುಗಿಯುತ್ತಿತ್ತು. ಎರಡನೆಯ ಭಾಗ ನನ್ನ ಬಳಿ ಇತ್ತು.

ಹತ್ತಿ ಮಾರಲು ರಾಯಚೂರಿಗೆ ಬಂದಿದ್ದ ಸಾಹುಕಾರರು ಆ ಶುಕ್ರವಾರ ನೇರ ಒಳಗೇ ಬಂದರು.

"ಏನ್ರಪಾ, ಅಡಗಿ ಜೋರು ನಡದಂಗದ."

"ಅಂಟು ಕಾಯ್ಸಾಕತ್ತೀವ್ರಿ," ಎಂದೆ.

"ನಮ್ಮವ್ವ ಉಣ್ಣೂದು ಬಿಟ್ಟು ಕುಂತಾಳ. ರಾಣಿ ಹೊಳಿ ದಾಟಿದ್ಲೋ ಇಲ್ಲೋ ಹೇಳು ಅಂತ ಜೀವಾ ತಿನ್ನಾಕತ್ತಾಳ. ಆ ಎರಡನೇ ಭಾಗ ಕೊಡ್ರಿ."

ನಾನು ಎದ್ದುಬಿಟ್ಟಿದ್ದೆ.

"ಕುಂದರ್ರಿ ನೀವು," ಎಂದು ನನಗೆ ಹೇಳಿ ಅಕ್ಕೋರು ಅವರತ್ತ ತಿರುಗಿದರು. "ಬೀಗ ಹಾಕಿದ ಅಲಮಾರಿ ಇರೋ ಊರಿಗಿ ಪುಸ್ತಕ ಕೊಡಂಗಿಲ್ರಿ ಸಾವ್ಕಾರ್ರ. ನಮ್ಮ ಕೂಟದ ನಿಯಮ."

"ಯಾವ ಕೂಟ? ಈ ಗಡಿಗಿ ಕೂಟೇನು? ನಾನು ಒಕ್ಕೂಟದ ಮೆಂಬರ್ ಅದೀನವಾ!"

"ಹೌದ್ರಿ. ಹಾರ ಹಾಕ್ಕೊಳ್ಳೋರು ನೀವು, ಗಂಟು ಕಟ್ಟೋರು ನಾವು."

ಸಾಹುಕಾರರು ಕಾಕಾನ ಕಡೆ ನೋಡಿದರು. "ಲೇ ಕಾಕಾ, ನೀನರೆ ಹೇಳಲೇ. ದಿನಾ ನಮ್ಮ ಮನ್ಯಾಗ ಚಾ ಕುಡೀತಿ."

ಕಾಕಾ ಸೌಟು ಆಡಿಸುತ್ತಲೇ ಹೇಳಿದರು: "ಅಲಮಾರಿಗಿ ಕೀಲಿ ಯಾಕ ಅಂತ ನಿಮ್ಮ ಅವ್ವಾರು ಕೇಳಿದ್ರರಿ. ಕಳ್ಳರ ಸಲುವಾಗಿ ಅಂದೆ. ಪುಸ್ತಕ ಕದಿಯೋವಷ್ಟು ಶಾಣ್ಯಾ ಕಳ್ಳರು ನಮ್ಮೂರಾಗ ಯಾರದಾರೋ ಅಂತ ನಕ್ಕರು."

ಇಲ್ಲಿ ನನ್ನ ನೆನಪಿನಲ್ಲಿ ಸಾಹುಕಾರರು ಕೀಲಿಯನ್ನು ಗಡಿಗೆಯ ಪಕ್ಕಕ್ಕೆ ಎಸೆಯುತ್ತಾರೆ, ಅದು ಠಣ್ ಎನ್ನುತ್ತದೆ. ಹಾಗಾಗಲೇ ಇಲ್ಲ ಎನ್ನುತ್ತಾರೆ ಅಕ್ಕೋರು. ಅವರದೇ ನಿಜವಿರಬೇಕು. ಸಾಹುಕಾರರು ಬೈದು ಹೊರಟುಹೋದರು, ನಾವು ಹೆದರಿದೆವು. ಕಾಕಾ ಯುಗಾದಿಗಿಂತ ಮೊದಲೇ ಕೆಲಸ ಕಳೆದುಕೊಂಡು ಮನೆ ಸೇರುತ್ತಾರೆ ಎಂದುಕೊಂಡು ನಾನು ಅಂಟು ಸೀಯಿಸಿದೆ.

ಕೊನೆಗೆ ಸಾಹುಕಾರರನ್ನು ಮಣಿಸಿದವಳು ಆ ಮುದುಕಿ. ಎರಡು ದಿನವೋ ನಾಲ್ಕು ದಿನವೋ ಮಗನನ್ನು ಮಾತಾಡಿಸಲಿಲ್ಲವಂತೆ. ಆಮೇಲೆ ಕೈ ಚಾಚಿ, "ಕೀಲಿ ಇಡು ಇಲ್ಲಿ. ಗಾಜು ನೋಡಾಕ ನನಗ ಕಣ್ಣಿಲ್ಲ," ಎಂದಳಂತೆ. ಇಟ್ಟರು. ಕಾಕಾ ಹೇಳಿಕಳಿಸಿದರು.

ಅಕ್ಕೋರೂ ನಾನೂ ಎರಡನೆಯ ಭಾಗವನ್ನು ಹಿಡಿದು ಬಸ್ಸು ಹತ್ತಿದೆವು. ಪೆಟ್ರೋಲು ಸಿಗದೆ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಬಸ್ಸು. ಗಬ್ಬೂರಿನ ಆಚೆ ಏರಿನಲ್ಲಿ ನಿಂತಿತು, ಇಳಿದು ತಳ್ಳಿದೆವು. ಮಸಿ ಮುಖದಲ್ಲಿ ದೇವದುರ್ಗ ಮುಟ್ಟಿದಾಗ ವಾಚನಾಲಯದ ಒಳಗೆ ಕಾಲಿಡಲು ಜಾಗವಿಲ್ಲ. ಅರಕೇರಾದಿಂದಲೂ ಬಂದಿದ್ದರು. ಮುದುಕಿ ಕಾಕಾನ ತೋಳು ಹಿಡಿದು ನಿಂತು, ಬೀಗವನ್ನು ಬೆರಳಿನಿಂದ ತಡಕಿ, ತಾನೇ ಕೀಲಿ ತಿರುವಿದಳು. ಬಾಗಿಲು ಹಿಡಿದುಕೊಂಡಿತ್ತು. ಇಬ್ಬರು ಜಗ್ಗಿದರು.

ಮುಂದಿನದನ್ನು ಯಾವ ಕ್ರಮದಲ್ಲಿ ಬರೆದರೂ ಸುಳ್ಳಾಗುತ್ತದೆ. ಎಲ್ಲ ಒಟ್ಟಿಗೇ ಆಯಿತು. ಕೈಗಳು. ಹೆಸರು ಬರೆಸುವ ಗದ್ದಲ. ಓದು ಬರದ ಒಬ್ಬರು ಮೊಮ್ಮಗಳಿಗೆಂದು ಎಲ್ಲಕ್ಕಿಂತ ದಪ್ಪದ್ದನ್ನು ಆರಿಸಿಕೊಂಡರು. ಮೂಲೆಯಲ್ಲಿ ಮುದುಕಿ, "ಮೊದಲು ನನ್ನ ರಾಣಿದು ಹೇಳ್ರೋ!" ಎಂದು ಕೂಗುತ್ತಿದ್ದಳು. ಅಕ್ಕೋರು ಅಲ್ಲೇ ನೆಲದ ಮೇಲೆ ಕೂತು ಓದಿದರು. ರಾಣಿ ಹೊಳೆ ದಾಟಿದಳು. ಮುದುಕಿ ಚಪ್ಪಾಳೆ ತಟ್ಟಿದಳು, ಕತೆ ಗೊತ್ತಿಲ್ಲದವರೂ ತಟ್ಟಿದರು. ಮುಚ್ಚುವ ಮಾತನ್ನು ಮಂಡಳಿಯವರು ಮತ್ತೆ ಎತ್ತಲಿಲ್ಲ. ಎತ್ತಲು ಒಳಗೆ ಬರಬೇಕಲ್ಲ, ಬರಲು ದಾರಿಯಿರಬೇಕಲ್ಲ.

ಹೊತ್ತು ಇಳಿದಾಗ ಸಾಹುಕಾರರು ಬಂದರು. ಅಲಮಾರಿಯಲ್ಲಿ ಧೂಳಿನ ಗೆರೆಗಳ ಹೊರತು ಏನೂ ಉಳಿದಿರಲಿಲ್ಲ.

"ಎಲ್ಲಾ ಒಯ್ದ್ರೇನು?"

"ಎಲ್ಲಾ ಒಯ್ದ್ರರಿ," ಎಂದರು ಕಾಕಾ. ಆ ದನಿಯಲ್ಲಿದ್ದ ಹಿಗ್ಗನ್ನು ನಾನು ಕಟ್ಟಿ ಹೇಳುತ್ತಿಲ್ಲ.

"ಅವೆಲ್ಲಾ ನನ್ನ ಪುಸ್ತಕ. ನನಗೊಂದರೆ ಇಡಬಾರದೇನಲೇ?"

ಕಾಕಾ ಲೆಕ್ಕಣಿಕೆಯನ್ನು ಮಸಿಯಲ್ಲಿ ಅದ್ದಿದರು.

"ಯಾವುದು ಬೇಕು ಹೇಳ್ರಿ ಸಾವ್ಕಾರ್ರ. ಹೆಸರು ಬರಕೋತೀನಿ. ನಿಮ್ಮ ಪಾಳಿ ಬಂದಾಗ ಕೊಡ್ತೀನಿ."