ರಾಷ್ಟ್ರಗೀತೆ ಮುಗಿಯುವವರೆಗೆ

ಕಳೆದ ವರ್ಷ ಆಗಸ್ಟ್ ಮೂವತ್ತೊಂದರ ಬೆಳಿಗ್ಗೆ, ಎಂಟು ಗಂಟೆಗೆ ಸ್ವಲ್ಪ ಮುಂಚೆ, ನಾನು ಮಲೇಷ್ಯಾದ ನಿಲಾಯ್ ಊರಿನ ನಮ್ಮ ಕಾಂಡೋ ವಸತಿ ಸಮುಚ್ಚಯದ ಧ್ವಜಕಂಬದ ಬಲಗಡೆ, ಈಜುಕೊಳದ ಬೇಲಿಗೆ ಬೆನ್ನು ಕೊಟ್ಟು ನಿಂತಿದ್ದೆ. ನನ್ನ ಮತ್ತು ಕಂಬದ ನಡುವೆ ಯಾರೂ ಇರಲಿಲ್ಲ. ಬಿಸಿಲು ಬೆನ್ನಿಗಿತ್ತು, ಕಣ್ಣಿಗೆ ಹೊಡೆಯುತ್ತಿರಲಿಲ್ಲ. ಇದನ್ನು ಮೊದಲೇ ಹೇಳಲು ಕಾರಣವಿದೆ. ಪೊಲೀಸ್ ಠಾಣೆಯಲ್ಲಿ ನನ್ನನ್ನು ಮೊದಲು ಕೇಳಿದ್ದು ಇದನ್ನೇ, ಮತ್ತು ಅಲ್ಲಿ ನಾನು ಹೇಳಿದ್ದರಲ್ಲಿ ಒಂದು ಮಾತೂ ಇಲ್ಲಿ ಬೇರೆಯಾಗಬಾರದು.

ಅಂದು ಮೆರ್ಡೆಕಾ, ಈ ದೇಶದ ಸ್ವಾತಂತ್ರ್ಯ ದಿನ. ಪ್ರತಿ ವರ್ಷ ನಮ್ಮ ಗೇಟಿನ ಕಾವಲುಗಾರರೊಬ್ಬರು ಬಾವುಟವನ್ನು ಹಗ್ಗಕ್ಕೆ ಸಿಕ್ಕಿಸಿ ನಿಧಾನವಾಗಿ ಮೇಲೇರಿಸುತ್ತಿದ್ದರು. ಅವರು ಸೈನ್ಯದಿಂದ ನಿವೃತ್ತರಾದ ಮಲಯ ಜನಾಂಗದ ಹಿರಿಯರು, ಕೈ ಕಾಲು ಎಲ್ಲ ಅಳತೆಯಲ್ಲಿ ಆಡುತ್ತಿದ್ದವು. ಆದರೆ ಕಳೆದ ವರ್ಷ ನಿವಾಸಿಗಳ ಸಮಿತಿಗೆ ಬೇರೆ ಆಸೆ ಹುಟ್ಟಿತು. ನೆಲಮಹಡಿಯಲ್ಲಿ ಮಗನ ಜೊತೆ ಇರುವ ತಮಿಳು ಅಜ್ಜಿಯ ಕೈಯಿಂದ ಬಾವುಟ ಏರಿಸಬೇಕು ಎಂದರು. ಅವರನ್ನು ನಾವೆಲ್ಲ ಪಾಟಿ ಎನ್ನುತ್ತೇವೆ. ಮೊದಲ ಮೆರ್ಡೆಕಾವನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಅವರೊಬ್ಬರೇ. ನಾವು ಈಗ ಇರುವ ಜಾಗವೇ ಆಗ ರಬ್ಬರ್ ತೋಟ. ತೋಟದ ದೊರೆಯ ಕಚೇರಿಯ ಮುಂದೆ ಹಳೆಯ ಬಾವುಟ ಇಳಿದು ಹೊಸದು ಏರಿದಾಗ ಪಾಟಿ ಸಣ್ಣ ಹುಡುಗಿ. ಇನ್ನು ಮುಂದೆ ನಾವು ಯಾರ ಪ್ರಜೆಗಳು ಎಂದು ಅವರ ಅಪ್ಪ ಮೇಸ್ತ್ರಿಯನ್ನು ಕೇಳಿದರಂತೆ. ಮರಗಳಿಗೆ ಅದೆಲ್ಲ ಗೊತ್ತಿಲ್ಲ, ಹೋಗಿ ಹಾಲು ಇಳಿಸು ಎಂದನಂತೆ ಆತ.

ಅಪ್ಪನ ಆ ಪ್ರಶ್ನೆ ಮಗಳನ್ನು ಇವತ್ತಿಗೂ ಬಿಟ್ಟಿಲ್ಲ. ತೋಟದಲ್ಲಿ ಹುಟ್ಟಿದ ಪಾಟಿಯ ಜನನವನ್ನು ಯಾರೂ ಬರೆಸಿರಲಿಲ್ಲ. ಹಾಗಾಗಿ ಅವರು ಈ ದೇಶದ ಕಾಯಂ ನಿವಾಸಿ, ಆದರೆ ಪೌರರಲ್ಲ. ಒಮ್ಮೆಯೂ ಮತ ಹಾಕಿದವರಲ್ಲ. ಎಷ್ಟೋ ಅರ್ಜಿಗಳು ತಿರಸ್ಕೃತವಾದ ಮೇಲೆ ಕೊನೆಗೂ ಪೌರತ್ವದ ಸಂದರ್ಶನಕ್ಕೆ ನಮ್ಮ ರಾಜ್ಯದ ರಾಜಧಾನಿ ಸೆರಂಬಾನಿನಿಂದ ಕರೆ ಬಂದಿತ್ತು. ಅದು ಮೆರ್ಡೆಕಾ ಕಳೆದ ಮುಂದಿನ ವಾರವೇ.

ಪಾಟಿಯ ತೋಳಿಗೆ ಹಗ್ಗವನ್ನು ಕಂಬದ ತುದಿಯವರೆಗೆ ಎಳೆಯುವ ಶಕ್ತಿ ಇರಲಿಲ್ಲ. ಅದಕ್ಕೆ ಉಪಾಯ ಹೇಳಿದ್ದು ನಮ್ಮ ಪಕ್ಕದ ಮನೆಯ ಮೈಸೂರಿನವರು. ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ, ಹೆಂಡತಿ, ಹತ್ತು ವರ್ಷದ ಮಗಳು. ಶಾಲೆಯಲ್ಲಿ ಎನ್‌ಸಿಸಿಯಲ್ಲಿದ್ದ ಹೆಮ್ಮೆ ಇನ್ನೂ ಇತ್ತು. ಹಿಂದಿನ ದಿನ ಸಂಜೆ ಅವರು ನಮ್ಮ ಊಟದ ಮೇಜಿನ ಮೇಲೆ ಬಾವುಟ ಹರಡಿ, ತಮಿಳರ ಹೂವಿನ ಅಂಗಡಿಯಿಂದ ತಂದ ಚೆಂಡುಹೂವಿನ ಎಸಳು ಸುರಿದು ಮಡಚತೊಡಗಿದರು.

"ಜನವರಿ ಇಪ್ಪತ್ತಾರಕ್ಕೆ ಕಟ್ತೀವಲ್ಲ ಸಾರ್, ಹಂಗೆ. ಮೇಲೇರಿಸಿ ಇಟ್ಬಿಡೋದು. ಬೆಳಿಗ್ಗೆ ಪಾಟಿ ಒಂದ್ಸಲ ಜಗ್ಗಿದ್ರೆ ಸಾಕು, ಬಿಚ್ಕೊಳ್ಳುತ್ತೆ."

"ಆದ್ರೆ ಇದು ಇವರ ಆಗಸ್ಟ್ ಹದಿನೈದಲ್ವಾ ಮಾರಾಯ್ರೆ?" ಎಂದೆ.

"ಹೂವು ಬಿದ್ರೆ ಎಲ್ಲಾ ಒಂದೇ ಬಿಡಿ ಸಾರ್."

ಒಂದೇ ಅಲ್ಲ. ಮಂಗಳೂರಿನ ನಮ್ಮ ಶಾಲೆಯಲ್ಲಿ ಎರಡು ದಿನವೂ ಹೂವಿನ ಗಂಟನ್ನೇ ಕಟ್ಟುತ್ತಿದ್ದರು, ಆದರೂ ಸಮಾಜ ಪಾಠದ ಮೇಷ್ಟರು ವ್ಯತ್ಯಾಸ ಹೇಳಿಕೊಟ್ಟಿದ್ದರು. ಆಗಸ್ಟ್ ಹದಿನೈದರಂದು ಬಾವುಟ ಕೆಳಗಿನಿಂದ ಮೇಲೆ ಹೋಗಬೇಕು, ಯಾಕೆಂದರೆ ಅಂದು ಇನ್ನೊಬ್ಬರದು ಇಳಿದು ನಮ್ಮದು ಏರಿತು. ಆದರೂ ಇಂಗ್ಲೆಂಡಿನ ರಾಜನ ಹೆಸರು ನಮ್ಮ ಮೇಲಿಂದ ಹೋಗಲು ಮತ್ತೆ ಎರಡು ವರ್ಷಕ್ಕೂ ಹೆಚ್ಚು ಹಿಡಿಯಿತು. ಜನವರಿ ಇಪ್ಪತ್ತಾರರಂದು ಬಾವುಟ ಮೇಲೆಯೇ ಇದ್ದು ಬಿಚ್ಚಿಕೊಳ್ಳುತ್ತದೆ. ಅದು ರಾಜನಿಲ್ಲದ ದಿನ. ಮಲೇಷ್ಯಾದಲ್ಲಿ ಅಂಥ ಎರಡನೆಯ ದಿನವಿಲ್ಲ. ಬ್ರಿಟಿಷರು ಹೋದರು, ಅರಸರು ಉಳಿದರು, ಅವರ ಜೊತೆಗೇ ಮತಪೆಟ್ಟಿಗೆಯೂ ಬಂತು. ನಮ್ಮ ರಾಜ್ಯವಾದ ನೆಗೆರಿ ಸೆಂಬಿಲಾನಿನ ಅರಸರನ್ನು ನಾಡಿನ ಮುಖ್ಯಸ್ಥರು ಸೇರಿ ಆರಿಸುತ್ತಾರೆ. ದೇಶದ ರಾಜಪದವಿ ಅರಸರ ನಡುವೆ ಐದೈದು ವರ್ಷಕ್ಕೆ ಸುತ್ತುತ್ತದೆ. ಅರಸರ ಬಗ್ಗೆ, ಬಾವುಟದ ಬಗ್ಗೆ ಇಲ್ಲಿ ಯಾರೂ ತಮಾಷೆ ಮಾಡುವುದಿಲ್ಲ. ಹೊರಗಿನಿಂದ ಬಂದು ಪಾಸಿನ ಮೇಲೆ ಕೆಲಸ ಮಾಡುವ ನಾವಂತೂ ಮಾತೇ ಎತ್ತುವುದಿಲ್ಲ.

ನಮ್ಮ ತ್ರಿವರ್ಣವನ್ನು ಎಷ್ಟು ಮಡಚಿದರೂ ಒಂದು ತುದಿ ಕೇಸರಿ, ಇನ್ನೊಂದು ತುದಿ ಹಸಿರು. ಯಾವುದು ಮೇಲೆ ಎಂದು ಕೈಗೇ ಗೊತ್ತು. ಇಲ್ಲಿಯದಕ್ಕೆ ಉದ್ದಕ್ಕೂ ಕೆಂಪು ಬಿಳಿ ಪಟ್ಟೆ, ಕಂಬದ ಕಡೆಯ ಮೇಲಿನ ಮೂಲೆಯಲ್ಲಿ ಮಾತ್ರ ನೀಲಿ, ಅದರಲ್ಲಿ ಹಳದಿ ಚಂದ್ರ ಮತ್ತು ನಕ್ಷತ್ರ. ಮೈಸೂರಿನವರು ಆ ನೀಲಿಯನ್ನು ಗೌರವದಿಂದ ಒಳಗೆ ಹಾಕಿ ಮಡಚಿದ್ದನ್ನು ನಾನು ನೋಡಿದೆ. ಆ ಸಂಜೆಯೇ ಕಂಬದ ಹತ್ತಿರ ಗಂಟನ್ನು ಹಗ್ಗಕ್ಕೆ ಕಟ್ಟಿದ್ದೂ ಅವರೇ. ಕಾವಲುಗಾರರು ಪಕ್ಕದಲ್ಲಿ ನಿಂತು, ನಮ್ಮಲ್ಲಿ ಹೀಗೆ ಕಟ್ಟುವುದಿಲ್ಲವಲ್ಲ ಎಂದು ಮೆಲ್ಲಗೆ ಹೇಳಿದರು. ಇವರು ನಕ್ಕು ಅವರ ಬೆನ್ನು ತಟ್ಟಿದರು. ಬಿಚ್ಚಿಯೇ ಏರಿಸಿದ್ದರೆ ತಪ್ಪು ಎದೆಯ ಮಟ್ಟದಲ್ಲೇ ಕಾಣುತ್ತಿತ್ತು. ಗಂಟಿನಲ್ಲಿ ಹೊರಗಿದ್ದದ್ದು ಪಟ್ಟೆ ಮಾತ್ರ, ಯಾವ ತುದಿ ಮೇಲೆ ಎಂದು ಕಾಣಲಿಲ್ಲ.

ಬೆಳಿಗ್ಗೆ ಪಾಟಿ ರೇಷ್ಮೆ ಸೀರೆಯಲ್ಲಿ ಮಗನ ಜೊತೆ ಬಂದರು. ಹಗ್ಗ ಜಗ್ಗಿದರು. ಹೂವು ಸುರಿಯಿತು, ಮಕ್ಕಳು ಚಪ್ಪಾಳೆ ತಟ್ಟಿದರು. ಆಮೇಲೆ ಬಾವುಟ ಬಿಚ್ಚಿಕೊಂಡಿತು. ನೀಲಿ ಮೂಲೆ ಕೆಳಗಿತ್ತು.

ಅದೇ ಹೊತ್ತಿಗೆ ಸ್ಪೀಕರಿನಿಂದ ರಾಷ್ಟ್ರಗೀತೆ ಶುರುವಾಯಿತು. ಅದು ನುಡಿಯುವಾಗ ಇಲ್ಲಿ ಎಲ್ಲರೂ ನೆಟ್ಟಗೆ ನಿಲ್ಲಲೇಬೇಕು, ಅಲುಗಾಡುವಂತಿಲ್ಲ. ಅದು ಕಾನೂನು. ಕಾವಲುಗಾರರ ಬಲಗೈ ಹಗ್ಗದ ಕಡೆ ಅರ್ಧ ಹೋಗಿ ಮತ್ತೆ ತೊಡೆಗೆ ಅಂಟಿಕೊಂಡಿತು. ಸಮಿತಿಯ ಅಧ್ಯಕ್ಷರು ಚೀನೀ ಮೂಲದ ವೈದ್ಯರು. ಅವರ ಕೆನ್ನೆ ಅದುರುತ್ತಿತ್ತು. ಇಳಿಸಲು ಹೋದರೆ ಗೀತೆಗೆ ಅವಮಾನ, ನಿಂತರೆ ಬಾವುಟಕ್ಕೆ. ನಾವು ನಿಂತೆವು. "ಅಪ್ಪಾ, ಇಟ್ಸ್ ಅಪ್‌ಸೈಡ್ ಡೌನ್," ಎಂದಳು ಮೈಸೂರಿನವರ ಮಗಳು. ತಾಯಿ ಅವಳ ಬಾಯಿಗೆ ಕೈ ಅಡ್ಡ ಹಿಡಿದರು. ಆ ಗೀತೆ ಉದ್ದವಲ್ಲ. ಆದರೆ ಅಂದು ನಾನು ಅದರ ಒಂದೊಂದು ಸಾಲನ್ನೂ ದಾಟಿ ಬಂದೆ. ಕೈಯಲ್ಲಿ ಫೋನ್ ಹಿಡಿದಿದ್ದವರು ಹಿಡಿದ ಹಾಗೆಯೇ ಇದ್ದರು, ಮತ್ತು ಫೋನುಗಳು ಎಲ್ಲವನ್ನೂ ತೆಗೆಯುತ್ತಿದ್ದವು. ಗೀತೆ ಮುಗಿದ ಕೂಡಲೇ ಕಾವಲುಗಾರರು ಬಾವುಟ ಇಳಿಸಿ, ಸರಿಯಾಗಿ ಸಿಕ್ಕಿಸಿ ಮತ್ತೆ ಏರಿಸಿದರು.

ಮಧ್ಯಾಹ್ನದೊಳಗೆ ಒಂದು ವಿಡಿಯೋ ವಾಟ್ಸಾಪಿನಲ್ಲಿ ಗೇಟು ದಾಟಿತು. ಅದರಲ್ಲಿ ಕಾಣುವುದು ಎರಡೇ: ಹಗ್ಗ ಜಗ್ಗುವ ಪಾಟಿಯ ಕೈ, ತಲೆಕೆಳಗಾದ ಬಾವುಟ. ಕೆಳಗೆ ಜನ ಬರೆದದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ. ಪೌರರೇ ಅಲ್ಲದವರ ಕೈಗೆ ಬಾವುಟ ಕೊಟ್ಟರೆ ಹೀಗೇ ಆಗುವುದು ಎಂಬ ಅರ್ಥದ ಮಾತೂ ಅದರಲ್ಲಿತ್ತು. ಸಂಜೆ ಯಾರೋ ದೂರು ಕೊಟ್ಟಿದ್ದಾರೆ ಎಂಬ ಸುದ್ದಿ ಬಂತು. ಯಾರು ಕಟ್ಟಿದ್ದು ಎಂದು ಸಮಿತಿಯ ಗುಂಪಿನಲ್ಲಿ ಯಾರೂ ಬರೆಯಲಿಲ್ಲ. ನಾನೂ ಬರೆಯಲಿಲ್ಲ. ಮೈಸೂರಿನವರ ಕೆಲಸದ ಪಾಸು ನವೀಕರಣಕ್ಕೆ ಹೋಗಿತ್ತು. ನಮ್ಮ ಪಾಸೂ ಅದೇ ಸರ್ಕಾರದ್ದೇ, ನೀವು ನೋಡಿಲ್ಲ ಅಂತ ಇರಿ ಎಂದಳು ನನ್ನ ಹೆಂಡತಿ. ಆ ರಾತ್ರಿ ಅಡುಗೆಯಾಗಲಿಲ್ಲ. ಹೋಟೆಲಿನಿಂದ ತಪಾವ್, ಅಂದರೆ ಪಾರ್ಸೆಲ್, ಕಟ್ಟಿಸಿ ತಂದ ಪೊಟ್ಟಣಗಳು ಮೇಜಿನ ಮೇಲೆ ಹಾಗೆಯೇ ಉಳಿದವು.

ಮರುದಿನ ಮೈಸೂರಿನವರೂ ನಾನೂ ಪಾಟಿಯ ಮನೆಗೆ ಹೋದೆವು. ಮಗ ಬಾಗಿಲಲ್ಲೇ ನಿಂತು, ಪೊಲೀಸರು ಸಮಿತಿಯ ಕಚೇರಿಗೆ ಫೋನ್ ಮಾಡಿದ್ದಾರೆ, ಸಂದರ್ಶನದ ಅಧಿಕಾರಿ ಈ ವಿಡಿಯೋ ನೋಡಿದ್ದರೆ ಮುಗಿಯಿತು ಎಂದ. ಪಾಟಿ ಮಾತ್ರ ಕುರ್ಚಿ ತೋರಿಸಿ, ಮೈಸೂರಿನವರಿಗೆ ತಮಿಳಿನಲ್ಲಿ ಹೇಳಿದರು: "ನಾನೇ ತಪ್ಪಾಗಿ ಎಳೆದೆ ಅಂತ ಹೇಳ್ತೀನಿ. ನಿನಗೆ ಮಗು ಇದೆ. ನನಗೆ ಕಾದು ಅಭ್ಯಾಸ."

ಗಂಟು ಜಗ್ಗಿದರೆ ಬಾವುಟ ತಿರುಗುವುದಿಲ್ಲ. ಮೊದಲೇ ತಿರುವಿ ಕಟ್ಟಿದ್ದರೆ ಮಾತ್ರ ಹಾಗಾಗುತ್ತದೆ. ನನಗದು ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆದರೆ ಆ ವಿಡಿಯೋ ನೋಡಿದವರಿಗೆ ಅಷ್ಟು ಯೋಚಿಸುವ ಪುರುಸೊತ್ತು ಎಲ್ಲಿ? ಮೈಸೂರಿನವರು ಎದ್ದರು. ಲಿಫ್ಟಿನಲ್ಲಿ ಕೇಳಿದರು, "ನನ್ ಜೊತೆ ಬರ್ತೀರಾ ಸಾರ್?" ಎಲ್ಲಿಗೆ ಎಂದು ನಾನು ಕೇಳಲಿಲ್ಲ. ನೀವು ಕಟ್ಟಿದ್ದನ್ನು ನೋಡಿದವನು ನಾನೇ ಅಲ್ಲವೇ ಎಂದೆ.

ಠಾಣೆಯಲ್ಲಿ ಹಿಜಾಬ್ ತೊಟ್ಟ ಮಹಿಳಾ ಸಾರ್ಜೆಂಟ್ ಇದ್ದರು. ನಾನು ನಿಂತ ಜಾಗ, ಬಿಸಿಲಿನ ದಿಕ್ಕು, ಕಂಡದ್ದು, ಎಲ್ಲ ಕೇಳಿ ಬರೆದುಕೊಂಡರು. ಅಜ್ಜಿಗೆ ಗಂಟಿನೊಳಗೆ ಏನಿದೆ ಎಂದು ಗೊತ್ತಿತ್ತೇ ಎಂದು ಎರಡು ಸಲ ಕೇಳಿದರು. ಎರಡು ಸಲವೂ ಇಲ್ಲ ಎಂದೆ. ಹೂವು ಯಾಕೆ ಎಂದು ಮೈಸೂರಿನವರನ್ನು ಕೇಳಿದರು. ಅವರು ನಮ್ಮ ಗಣರಾಜ್ಯ ದಿನವನ್ನು ವಿವರಿಸತೊಡಗಿದರು.

"ಹಾಗಾದರೆ ನಿಮ್ಮಲ್ಲಿ ರಾಜ ಇಲ್ಲವೇ?" ಎಂದರು ಸಾರ್ಜೆಂಟ್.

"ನಮ್ಮೂರಲ್ಲಿ ಅರಮನೆ ಇದೆ ಮೇಡಂ," ಎಂದರು ಇವರು. "ಟಿಕೆಟ್ ತಗೊಂಡು ನೋಡಬಹುದು."

ನಾನು ಮೇಜಿನಡಿ ಅವರ ಕಾಲು ತುಳಿದೆ. ಹಿಂದೆ ಕೂತ ಕಾನ್‌ಸ್ಟೆಬಲ್ ನಕ್ಕ. ಸಾರ್ಜೆಂಟ್ ನಗಲಿಲ್ಲ. ಸಹಿ ಹಾಕಿಸಿಕೊಂಡು, "ಮುಂದಿನ ಸಲ ಇಲ್ಲಿಯವರನ್ನು ಕೇಳಿ ಕಟ್ಟಿ ಲಾ," ಎಂದು ಇಲ್ಲಿಯವರ ವಾಡಿಕೆಯ ‘ಲಾ’ ಸೇರಿಸಿ ಹೇಳಿದರು, ಅಷ್ಟೇ. ಪ್ರಕರಣ ಮುಗಿಯಿತು ಎಂದು ಅವತ್ತು ಹೇಳಲಿಲ್ಲ, ಇವತ್ತಿನವರೆಗೂ ಹೇಳಿಲ್ಲ.

ಮೈಸೂರಿನವರ ಪಾಸು ಎರಡು ವರ್ಷದ ಬದಲು ಒಂದು ವರ್ಷಕ್ಕೆ ನವೀಕರಣವಾಯಿತು. ಕಾರಣ ತಿಳಿಸಲಿಲ್ಲ. ಪಾಟಿ ಸಂದರ್ಶನಕ್ಕೆ ಹೋಗಿ ಬಂದರು. ಅಧಿಕಾರಿ ಮಲಯ ಭಾಷೆಯಲ್ಲಿ ರಾಜ ಯಾರು, ಪ್ರಧಾನಿ ಯಾರು, ಇಬ್ಬರಲ್ಲಿ ಯಾರನ್ನು ಜನ ಆರಿಸುತ್ತಾರೆ ಎಂದು ಕೇಳಿದರಂತೆ. ಎಲ್ಲಕ್ಕೂ ಉತ್ತರ ಕೊಟ್ಟರಂತೆ. ಬಾವುಟದ ಸುದ್ದಿ ಬರಲಿಲ್ಲ. ಅಧಿಕಾರಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಕೇಳಲಿಲ್ಲವೋ, ನಮಗೆ ತಿಳಿಯುವ ದಾರಿಯಿಲ್ಲ. ಅರ್ಜಿ ಪರಿಶೀಲನೆಯಲ್ಲಿದೆ ಎಂಬ ಉತ್ತರವೇ ಈಗಲೂ ಬರುತ್ತದೆ. ಅರ್ಜಿ ಹಾಕಿದವರು ತೀರಿಕೊಂಡರೆ ಅರ್ಜಿಯೂ ಅಲ್ಲಿಗೆ ಮುಗಿಯುತ್ತದೆ ಎಂದು ಮಗ ಹೇಳುತ್ತಾನೆ. ನಾನು ದಿನಾ ಬೆಳಿಗ್ಗೆ ಪಾಠ ಮಾಡಲು ಕಾಲೇಜಿಗೆ ಹೊರಡುವಾಗ ನೆಲಮಹಡಿಯ ಕಿಟಕಿ ತೆರೆದಿದೆಯೇ ಎಂದು ನೋಡಿಕೊಂಡು ಹೋಗುತ್ತೇನೆ.

ಆ ಕಾವಲುಗಾರರು ಈ ವರ್ಷ ಹೃದಯಾಘಾತದಿಂದ ತೀರಿಕೊಂಡರು. ಬಾವುಟ ಕಟ್ಟಿದ್ದನ್ನು ಮತ್ತು ಬಿಚ್ಚಿಕೊಂಡದ್ದನ್ನು ಎರಡನ್ನೂ ಹತ್ತಿರದಿಂದ ಕಂಡವರಲ್ಲಿ ಕಟ್ಟಿದವರನ್ನು ಬಿಟ್ಟರೆ ಈಗ ಉಳಿದವನು ನಾನೊಬ್ಬನೇ. ಪ್ರಕರಣ ಮತ್ತೆ ಎದ್ದರೆ ಕೇಳಲು, ಬಿಚ್ಚಿಕೊಂಡದ್ದನ್ನು ಹತ್ತಿರ ನಿಂತು ಕಂಡು ಬದುಕಿರುವವರು: ಕಟ್ಟಿದ ಮೈಸೂರಿನವರು, ಅವರ ಹೆಂಡತಿ, ಮಗಳು, ಅಧ್ಯಕ್ಷರಾಗಿದ್ದ ವೈದ್ಯರು, ಪಾಟಿಯ ಮಗ. ಪಾಟಿಯೂ ಬದುಕಿದ್ದಾರೆ.